ಮಲೇರಿಯಾದಲ್ಲಿ ಎಣಿಸಬೇಕಾದ್ದು ಪ್ಲೇಟ್‌ಲೆಟ್ ಅಲ್ಲ

ಮಾನ್ಯ ಸಂಪಾದಕರೇ,

ಮಳೆ ಹಿಡಿದು ಕರಾವಳಿಯಲ್ಲಿ ಜ್ವರದ ದಿನಗಳು ಶುರುವಾದರೆ ಮನೆಮನೆಯಲ್ಲೂ ಕೇಳುವ ಮೊದಲ ಪ್ರಶ್ನೆ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬುದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಾನಿಗಳಿಗಾಗಿ ಮನವಿ ಓಡಾಡುತ್ತದೆ, ಅಡುಗೆಮನೆಯಲ್ಲಿ ಪಪ್ಪಾಯಿ ಎಲೆ ಅರೆಯುತ್ತಾರೆ. ಡೆಂಗಿ ಕಲಿಸಿದ ಈ ಭಯವನ್ನು ನಾವು ಮಲೇರಿಯಾಕ್ಕೂ ಹಾಗೆಯೇ ಅಂಟಿಸಿಕೊಂಡಿದ್ದೇವೆ. ಪತ್ರಿಕೆಗಳ ಜ್ವರದ ವರದಿಗಳಲ್ಲೂ ಪ್ಲೇಟ್‌ಲೆಟ್ ಸಂಖ್ಯೆ ತಪ್ಪದೆ ಇರುತ್ತದೆ. ರಕ್ತದಲ್ಲಿ ಮಲೇರಿಯಾ ಪರೋಪಜೀವಿಯನ್ನು ಹುಡುಕುವ ಎಂ.ಪಿ. ಪರೀಕ್ಷೆ ಎಷ್ಟನೇ ದಿನ ಆಯಿತು, ಬಂದದ್ದು ಮಲೇರಿಯಾದ ಎರಡು ಮುಖ್ಯ ಬಗೆಗಳಲ್ಲಿ ಯಾವುದು, ಪಿ.ವಿ.ಯೋ (ವೈವ್ಯಾಕ್ಸ್) ಪಿ.ಎಫ್.ಓ (ಫಾಲ್ಸಿಪ್ಯಾರಮ್), ಔಷಧಿಯ ಮೊದಲ ಡೋಸ್ ಯಾವಾಗ ಬಿತ್ತು ಎಂಬ ವಿವರ ಮಾತ್ರ ಅಪರೂಪ. ಜೀವ ಉಳಿಯುವುದೂ ಹೋಗುವುದೂ ನಿಂತಿರುವುದು ಈ ಮೂರರ ಮೇಲೆ. ಅದಕ್ಕಾಗಿ ಈ ದೀರ್ಘ ಪತ್ರ.

ತೀವ್ರ ಮಲೇರಿಯಾ ಎಂದು ಯಾವುದನ್ನು ಕರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದೆ. ಪ್ರಜ್ಞೆ ತಪ್ಪುವುದು, ಎದ್ದು ಕೂರಲಾಗದಷ್ಟು ನಿತ್ರಾಣ, ಮತ್ತೆ ಮತ್ತೆ ಫಿಟ್ಸ್, ರಕ್ತದಲ್ಲಿ ಆಮ್ಲ ಹೆಚ್ಚುವುದು, ಸಕ್ಕರೆ 40 ಮಿ.ಗ್ರಾಂ.ಗಿಂತ ಕೆಳಗಿಳಿಯುವುದು, ದೊಡ್ಡವರಲ್ಲಿ ಹಿಮೋಗ್ಲೋಬಿನ್ 7 ಗ್ರಾಂ.ಗಿಂತ ಕಡಿಮೆಯಾಗುವುದು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 3 ದಾಟುವುದು, ಕಾಮಾಲೆ, ಶ್ವಾಸಕೋಶದಲ್ಲಿ ನೀರು, ರಕ್ತಸ್ರಾವ, ಬಿ.ಪಿ. ಕುಸಿತ, ರಕ್ತದಲ್ಲಿ ಪರೋಪಜೀವಿಗಳ ಪ್ರಮಾಣ ಮಿತಿಮೀರುವುದು, ಇವೆಲ್ಲ ಅದರಲ್ಲಿವೆ. ಪ್ಲೇಟ್‌ಲೆಟ್ ಸಂಖ್ಯೆ ಇಲ್ಲ. ಮರೆತು ಬಿಟ್ಟದ್ದಲ್ಲ. ರೋಗ ದೇಹದೊಳಗೆ ನಡೆಯುವ ಬಗೆ ತಿಳಿದರೆ ಕಾರಣ ತಾನಾಗಿಯೇ ಗೊತ್ತಾಗುತ್ತದೆ.

ಅನಾಫಿಲಿಸ್ ಹೆಣ್ಣುಸೊಳ್ಳೆ ಕಚ್ಚಿದಾಗ ಅದರ ಜೊಲ್ಲಿನ ಜೊತೆ ಒಳಹೊಕ್ಕ ಪರೋಪಜೀವಿ ಸುಮಾರು ಒಂದು ಗಂಟೆಯೊಳಗೆ ಯಕೃತ್ತು ಸೇರುತ್ತದೆ. ಅಲ್ಲಿ ಒಂದು ವಾರದ ಆಸುಪಾಸು ಸದ್ದಿಲ್ಲದೆ ಬೆಳೆದು, ಒಂದು ಸಾವಿರಾರು ಆಗಿ ರಕ್ತಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ಜ್ವರವೂ ಇಲ್ಲ, ಮೈಕೈ ನೋವೂ ಇಲ್ಲ. ರಕ್ತಕ್ಕೆ ಇಳಿದದ್ದು ಕೆಂಪು ರಕ್ತಕಣದೊಳಗೆ ಸೇರಿ ಹಿಮೋಗ್ಲೋಬಿನ್ ತಿನ್ನತೊಡಗುತ್ತದೆ. 48 ಗಂಟೆಗೆ ಒಂದು ಸುತ್ತು. ಆ ಸುತ್ತಿನ ಕೊನೆಗೆ ಕಣ ಒಡೆದು ಸಾಮಾನ್ಯವಾಗಿ 16ರಿಂದ 20 ಹೊಸ ಮರಿಗಳು ಹೊರಬಂದು, ಪ್ರತಿಯೊಂದೂ ಇನ್ನೊಂದು ಕಣ ಹುಡುಕುತ್ತದೆ.

ಚಳಿ ನಡುಕ ಬರುವುದು ಈ ಒಡೆಯುವ ಹೊತ್ತಿಗೆ. ಹಿಮೋಗ್ಲೋಬಿನ್ ತಿಂದು ಉಳಿದ ಕಂದು ಕಸ, ಪರೋಪಜೀವಿಯ ಮೈಯ ಚೂರುಗಳು ರಕ್ತಕ್ಕೆ ಚೆಲ್ಲಿದೊಡನೆ ನಮ್ಮ ರಕ್ಷಣಾ ಕಣಗಳು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ಅವು ಮೆದುಳಿನ ತಾಪ ನಿಯಂತ್ರಣ ಕೇಂದ್ರವನ್ನು ಮೇಲಕ್ಕೆ ತಿರುಗಿಸುತ್ತವೆ. ಮೈಯ ಶಾಖ 98ರಲ್ಲಿದ್ದು ಮೆದುಳು 104 ಬೇಕೆಂದಾಗ ದೇಹಕ್ಕೆ ಚಳಿ ಎನ್ನಿಸಿ, ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ. ನಡುಗುತ್ತಿರುವವರಿಗೆ ಐಸ್ ನೀರಿನ ಬಟ್ಟೆ ಹಾಕಬಾರದು ಎನ್ನುವುದು ಇದಕ್ಕೇ. ನಡುಕ ಇನ್ನೂ ಹೆಚ್ಚುತ್ತದೆ. ನಡುಗುವಾಗ ಹೊದಿಕೆ ಕೊಡಿ, ಮೈ ಸುಡತೊಡಗಿದ ಮೇಲೆ ಹೊದಿಕೆ ತೆಗೆದು ಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ.

ಇಲ್ಲೊಂದು ಮಾತು. ‘ದಿನ ಬಿಟ್ಟು ದಿನ ಬಂದರೆ ಮಾತ್ರ ಮಲೇರಿಯಾ’ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಮೊದಲ ಕೆಲವು ದಿನ ಪರೋಪಜೀವಿಗಳೆಲ್ಲ ಒಂದೇ ಹೊತ್ತಿಗೆ ಒಡೆಯುವುದಿಲ್ಲ, ಹಾಗಾಗಿ ಜ್ವರಕ್ಕೆ ತಾಳ ಇರುವುದಿಲ್ಲ. ಪಿ.ಎಫ್.ನಲ್ಲಿ ಎಷ್ಟೋ ಸಲ ಕೊನೆಯವರೆಗೂ ಇರುವುದಿಲ್ಲ. ತಾಳಕ್ಕಾಗಿ ಕಾದು ಕೂತವರು ಕಳೆದುಕೊಳ್ಳುವುದು ಅತ್ಯಂತ ಬೆಲೆಬಾಳುವ ಎರಡು ಮೂರು ದಿನಗಳನ್ನು.

ಪಿ.ವಿ. ಎಂದರೆ ವೈವ್ಯಾಕ್ಸ್. ಅದು ಹೊಸದಾಗಿ ಹುಟ್ಟಿದ ಎಳೆಯ ರಕ್ತಕಣಗಳನ್ನೇ ಹುಡುಕುತ್ತದೆ. ಅಂಥವು ನೂರಕ್ಕೆ ಒಂದೆರಡು ಮಾತ್ರ ಇರುವುದರಿಂದ ಅದರ ಬೆಳವಣಿಗೆಗೆ ತಾನಾಗಿಯೇ ಕಡಿವಾಣ ಬೀಳುತ್ತದೆ. ಪಿ.ಎಫ್. ಎಂದರೆ ಫಾಲ್ಸಿಪ್ಯಾರಮ್‌ಗೆ ಆ ಮಿತಿಯಿಲ್ಲ. ಎಳೆಯ ಕಣ, ಹಳೆಯ ಕಣ ಎರಡೂ ಅದಕ್ಕೆ ಆಗುತ್ತವೆ. ಅದಕ್ಕಿಂತ ಮುಖ್ಯವಾದದ್ದು, ಅದು ತಾನು ಹೊಕ್ಕ ರಕ್ತಕಣದ ಮೈಯನ್ನೇ ಬದಲಿಸುತ್ತದೆ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆರೋಗ್ಯವಂತ ಕೆಂಪುಕಣ ಸುಮಾರು 7–8 ಮೈಕ್ರಾನ್ ಅಗಲ. ಅದು ಹಾದುಹೋಗಬೇಕಾದ ಅತಿ ಸಣ್ಣ ರಕ್ತನಾಳ ಎಷ್ಟೋ ಕಡೆ ಅದಕ್ಕಿಂತಲೂ ಕಿರಿದು. ಕಣ ಮೆತ್ತಗಿರುವುದರಿಂದ ಮಡಚಿಕೊಂಡು ನುಸುಳುತ್ತದೆ. ಪಿ.ಎಫ್. ಹೊಕ್ಕ ಕಣ ಗಡುಸಾಗುತ್ತದೆ, ಮೈತುಂಬ ಸೂಕ್ಷ್ಮ ಗುಬುಟುಗಳು ಏಳುತ್ತವೆ, ಆ ಗುಬುಟುಗಳ ಮೇಲಿನ ಅಂಟು ಪ್ರೋಟೀನ್ ರಕ್ತನಾಳದ ಒಳಗೋಡೆಗೆ ಹಿಡಿದುಕೊಳ್ಳುತ್ತದೆ. 48 ಗಂಟೆಯ ಸುತ್ತಿನ ಮೊದಲರ್ಧ ರಕ್ತದಲ್ಲಿ ತೇಲಾಡಿಕೊಂಡಿರುವ ಕಣ ಉಳಿದರ್ಧವನ್ನು ಮೆದುಳು, ಮೂತ್ರಪಿಂಡ, ಕರುಳು, ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಅಂಟಿಕೊಂಡು ಕಳೆಯುತ್ತದೆ. ಕೆಟ್ಟ ರಕ್ತಕಣಗಳನ್ನು ಸೋಸುವ ಗುಲ್ಮದ (ಸ್ಪ್ಲೀನ್) ಜರಡಿಗೆ ಸಿಕ್ಕಿ ಸಾಯುವುದನ್ನು ತಪ್ಪಿಸಿಕೊಳ್ಳುವ ದಾರಿ ಅದಕ್ಕೆ ಇದು. ನಮಗೆ ಮಾತ್ರ ಆ ನಾಳದ ಆಚೆಗಿನ ಜೀವಕೋಶಗಳಿಗೆ ಆಮ್ಲಜನಕ ಹೋಗುವುದು ನಿಲ್ಲುತ್ತದೆ.

ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಕಾಣುವುದು ತೇಲಾಡುವ ಪರೋಪಜೀವಿಗಳು ಮಾತ್ರ, ಅಂಟಿಕೊಂಡವು ಸ್ಲೈಡಿಗೆ ಬರುವುದಿಲ್ಲ. ಆದ್ದರಿಂದ ‘ಪಾಸಿಟಿವ್, ಆದರೆ ಸ್ವಲ್ಪವೇ ಇದೆ’ ಎಂಬ ವರದಿ ನೋಡಿ ನಿಟ್ಟುಸಿರು ಬಿಡಬಾರದು. ಒಂದು ಸಲ ನೆಗೆಟಿವ್ ಬಂದರೂ ಸಂಶಯ ಇದ್ದರೆ 12ರಿಂದ 24 ಗಂಟೆಗೊಮ್ಮೆ ಮತ್ತೆ ಸ್ಲೈಡ್ ನೋಡಿಸಬೇಕು, ಒಟ್ಟು ಮೂರು ಸಲ. ಇನ್ನೊಂದು ಕಡೆ, ಕೆಲವೇ ನಿಮಿಷದಲ್ಲಿ ಫಲಿತಾಂಶ ಕೊಡುವ ಕಾರ್ಡ್ ಟೆಸ್ಟ್ ಪತ್ತೆಹಚ್ಚುವ ಪಿ.ಎಫ್. ಪ್ರೋಟೀನ್ ರೋಗ ವಾಸಿಯಾದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ‘ಗುಣವಾಯಿತೋ ಇಲ್ಲವೋ’ ತಿಳಿಯಲು ಕಾರ್ಡ್ ನೋಡಿದರೆ ದಾರಿ ತಪ್ಪುತ್ತದೆ, ಅದಕ್ಕೆ ಸ್ಲೈಡೇ ಬೇಕು.

ಸಣ್ಣ ನಾಳ ಕಟ್ಟಿಕೊಂಡದ್ದರ ಪರಿಣಾಮ ಸರಪಳಿಯಂತೆ ನಡೆಯುತ್ತದೆ. ಆಮ್ಲಜನಕವಿಲ್ಲದ ಜೀವಕೋಶಗಳು ಲ್ಯಾಕ್ಟಿಕ್ ಆಮ್ಲ ಹೊರಹಾಕುತ್ತವೆ. ಪರೋಪಜೀವಿಯೂ ಸಕ್ಕರೆ ತಿಂದು ಅದನ್ನೇ ಹೊರಹಾಕುತ್ತದೆ. ರಕ್ತ ಆಮ್ಲೀಯವಾದಾಗ ಅದನ್ನು ಸರಿದೂಗಿಸಲು ರೋಗಿ ಆಳವಾಗಿ, ಬಿರುಸಾಗಿ ಉಸಿರಾಡುತ್ತಾರೆ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಶ್ವಾಸಕೋಶ ಸ್ವಚ್ಛ. ಇದನ್ನು ನ್ಯುಮೋನಿಯಾ ಎಂದೋ ಗಾಬರಿಯ ಏದುಸಿರು ಎಂದೋ ತಿಳಿದು ಕೈಬಿಟ್ಟರೆ ಅನಾಹುತ, ಏಕೆಂದರೆ ಸಾವಿನ ಮುನ್ಸೂಚನೆಗಳಲ್ಲಿ ಇದು ಮುಂಚೂಣಿಯಲ್ಲಿದೆ.

ಸಕ್ಕರೆ ಇಳಿಯುವುದಕ್ಕೆ ಕಾರಣ ಹಲವು. ರೋಗಿ ಊಟ ಬಿಟ್ಟಿರುತ್ತಾರೆ, ಯಕೃತ್ತಿನ ದಾಸ್ತಾನು ಮುಗಿದಿರುತ್ತದೆ, ಹೊಸ ಸಕ್ಕರೆ ತಯಾರಿಸುವ ಶಕ್ತಿ ಕುಂದಿರುತ್ತದೆ. ಮಲೇರಿಯಾದ ಹಳೆಯ ಔಷಧಿ ಕ್ವಿನೈನ್ ಕೊಟ್ಟಿದ್ದರೆ ಅದು ಇನ್ಸುಲಿನ್ ಹೆಚ್ಚಿಸಿ ಇನ್ನಷ್ಟು ಇಳಿಸುತ್ತದೆ. ಮಕ್ಕಳು ಮತ್ತು ಗರ್ಭಿಣಿಯರಲ್ಲಿ ಈ ಭಯ ಹೆಚ್ಚು. ಮಂಪರಿನಲ್ಲಿರುವ ಮಲೇರಿಯಾ ರೋಗಿಯನ್ನು ‘ತಲೆಗೆ ಏರಿದೆ’ ಎಂದು ಷರಾ ಬರೆಯುವ ಮೊದಲು ಗ್ಲುಕೋಮೀಟರ್‌ನಲ್ಲಿ ಒಂದು ಹನಿ ರಕ್ತ ನೋಡುವುದಕ್ಕೆ ಒಂದು ನಿಮಿಷವೂ ಬೇಡ.

ರಕ್ತಹೀನತೆಯ ಕತೆಯೂ ಹೊರಗೆ ಕಾಣುವಷ್ಟು ಸರಳವಲ್ಲ. ಪರೋಪಜೀವಿ ಒಡೆದ ಕಣಗಳಿಗಿಂತ ಅದು ಮುಟ್ಟದ ಒಳ್ಳೆಯ ಕಣಗಳೇ ಹೆಚ್ಚು ನಾಶವಾಗುತ್ತವೆ. ಚುರುಕಾದ ಗುಲ್ಮ ಅವನ್ನೂ ಸೋಸಿ ಹಾಕುತ್ತದೆ. ಅದೇ ಹೊತ್ತಿಗೆ ಉರಿಯೂತದಿಂದ ಅಸ್ಥಿಮಜ್ಜೆಯ ಉತ್ಪಾದನೆಯೂ ಕುಂಠಿತ. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಸುಸ್ತು ಬಿಡದಿರುವುದು ಇದರಿಂದಲೇ.

ಈಗ ಪ್ಲೇಟ್‌ಲೆಟ್. ಮಲೇರಿಯಾದಲ್ಲಿ ಅದು ಇಳಿಯುವುದು ತೀರಾ ಸಾಮಾನ್ಯ. ಪಿ.ವಿ.ಯಲ್ಲೂ 50 ಸಾವಿರಕ್ಕೆ ಇಳಿಯುತ್ತದೆ. ದೊಡ್ಡದಾದ ಗುಲ್ಮದಲ್ಲಿ ಸಿಕ್ಕಿಕೊಳ್ಳುತ್ತವೆ, ಕೆಲವು ಸೋಂಕಿತ ಕಣಗಳಿಗೆ ಅಂಟಿಕೊಂಡು ಖರ್ಚಾಗುತ್ತವೆ. ಸರಿಯಾದ ಔಷಧಿ ಬಿದ್ದ ಕೆಲವೇ ದಿನಗಳಲ್ಲಿ ತಾವಾಗಿಯೇ ಏರುತ್ತವೆ. ರಕ್ತಸ್ರಾವ ಇಲ್ಲದಿದ್ದರೆ, ಸಂಖ್ಯೆ ತೀರಾ ಪಾತಾಳಕ್ಕೆ ಹೋಗದಿದ್ದರೆ ಪ್ಲೇಟ್‌ಲೆಟ್ ಕೊಡುವುದರಿಂದ ಲಾಭವಿಲ್ಲ. ಮಳೆಗಾಲದಲ್ಲಿ ಜ್ವರದ ಜೊತೆ ಪ್ಲೇಟ್‌ಲೆಟ್ ಇಳಿದರೆ ಅದನ್ನು ‘ಡೆಂಗಿ ಇರಬೇಕು’ ಎಂದು ಓದುವುದಕ್ಕಿಂತ ‘ಎಂ.ಪಿ. ನೋಡಿಸಿದ್ದೀರಾ?’ ಎಂದು ಓದಬೇಕು. ಡೆಂಗಿ ಪಾಸಿಟಿವ್ ಬಂದರೂ ಎಂ.ಪಿ. ಬಿಡಬಾರದು, ಎರಡೂ ಒಟ್ಟಿಗೆ ಇರಬಲ್ಲವು. ಪಪ್ಪಾಯಿ ಎಲೆಯ ಕಹಿ ರಸ ಕುಡಿಸಿ ವಾಂತಿಯಾದರೆ ನುಂಗಿದ ಮಾತ್ರೆಯೂ ಹೊರಗೆ ಹೋಗುತ್ತದೆ. ಮಾತ್ರೆ ನುಂಗಿದ 30 ನಿಮಿಷದೊಳಗೆ ವಾಂತಿಯಾದರೆ ಆ ಡೋಸ್ ಮತ್ತೆ ಕೊಡಬೇಕು ಎಂಬುದನ್ನು ಮನೆಯವರು ತಿಳಿದಿರಲಿ.

ಚಿಕಿತ್ಸೆಗೆ ಬರೋಣ. ತೀವ್ರ ಮಲೇರಿಯಾಕ್ಕೆ ಮೂಲ ಔಷಧಿ ರಕ್ತನಾಳಕ್ಕೆ ಕೊಡುವ ಆರ್ಟಿಸುನೇಟ್. 2005ರಲ್ಲಿ ಬಾಂಗ್ಲಾದೇಶ, ಭಾರತ, ಇಂಡೊನೇಷ್ಯಾ, ಮ್ಯಾನ್ಮಾರ್‌ಗಳಲ್ಲಿ ಅದನ್ನು ಕ್ವಿನೈನ್ ಜೊತೆ ಹೋಲಿಸಿದಾಗ ಕ್ವಿನೈನ್ ಪಡೆದವರಲ್ಲಿ ಶೇ 22, ಆರ್ಟಿಸುನೇಟ್ ಪಡೆದವರಲ್ಲಿ ಶೇ 15 ಮಂದಿ ಸತ್ತಿದ್ದರು. ಇಷ್ಟು ವ್ಯತ್ಯಾಸ ಯಾವ ಪೂರಕ ಚಿಕಿತ್ಸೆಯಿಂದಲೂ ಬಂದಿಲ್ಲ. ಡೋಸ್ ಕಿಲೋಗೆ 2.4 ಮಿ.ಗ್ರಾಂ., 20 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ 3 ಮಿ.ಗ್ರಾಂ.; ದಾಖಲಾದಾಗ ಒಂದು, 12ನೇ ಗಂಟೆಗೆ ಒಂದು, 24ನೇ ಗಂಟೆಗೆ ಒಂದು, ಆಮೇಲೆ ದಿನಕ್ಕೊಂದು. 60 ಕಿಲೋದವರಿಗೆ 144 ಮಿ.ಗ್ರಾಂ. ಬೇಕು. ಒಂದು ವಯಲ್ 60 ಮಿ.ಗ್ರಾಂ. ಇದ್ದರೆ ಮೂರನೆಯದನ್ನು ಒಡೆಯಲೇಬೇಕು, ಎರಡಕ್ಕೇ ನಿಲ್ಲಿಸಿದರೆ ಡೋಸ್ ಕಡಿಮೆ ಬೀಳುತ್ತದೆ. ಪುಡಿಯನ್ನು ಜೊತೆಗೆ ಬರುವ ಬೈಕಾರ್ಬೊನೇಟ್‌ನಲ್ಲಿ ತಿಳಿಯಾಗುವವರೆಗೆ ಕುಲುಕಿ, ಆಮೇಲಷ್ಟೇ ಸಲೈನ್ ಸೇರಿಸಿ, ಒಂದು ಗಂಟೆಯೊಳಗೆ ಕೊಡಬೇಕು. ಕಲಸಿ ಮುಂದಿನ ಡೋಸ್‌ಗೆಂದು ಎತ್ತಿಡುವಂತಿಲ್ಲ. ಈ ಔಷಧಿ ರಕ್ತದಿಂದ ಬೇಗ ಮಾಯವಾಗುವುದರಿಂದ, ರೋಗಿ ನುಂಗುವಂತಾದ ಮೇಲೆ ಇದೇ ಗುಂಪಿನ ಔಷಧಿಗೆ ಇನ್ನೊಂದು ಔಷಧಿ ಸೇರಿಸಿದ ಸಂಯುಕ್ತ ಮಾತ್ರೆಗಳ (ಎ.ಸಿ.ಟಿ.) ಮೂರು ದಿನದ ಪೂರ್ತಿ ಕೋರ್ಸ್ ಆಗಲೇಬೇಕು. ಇಲ್ಲದಿದ್ದರೆ ಉಳಿದವು ಮತ್ತೆ ಚಿಗುರುತ್ತವೆ. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಮೊದಲ ಡೋಸ್ ಇಲ್ಲೇ ಕೊಟ್ಟು, ಕೊಟ್ಟ ಸಮಯವನ್ನು ಚೀಟಿಯಲ್ಲಿ ಬರೆದು ಕಳಿಸುವುದು ಮುಖ್ಯ.

ಪೂರಕ ಚಿಕಿತ್ಸೆಯಲ್ಲಿ ನಾವು ಹೆಚ್ಚು ಒತ್ತಿ ಹೇಳಬೇಕಾದ್ದು ಡ್ರಿಪ್ ಬಗ್ಗೆ. ‘ಎರಡು ಬಾಟಲಿ ಗ್ಲೂಕೋಸ್ ಹಾಕಿ ಡಾಕ್ಟ್ರೇ’ ಎಂದು ಬಂಧುಗಳು ಒತ್ತಾಯಿಸುವುದು ಪ್ರೀತಿಯಿಂದಲೇ. ತೀವ್ರ ಮಲೇರಿಯಾದಲ್ಲಿ ರಕ್ತ ಓಡದಿರುವುದು ಮುಖ್ಯವಾಗಿ ನೀರು ಸಾಲದೆ ಅಲ್ಲ, ನಾಳ ಕಟ್ಟಿಕೊಂಡು. ನೀರು ಸುರಿದರೆ ಆ ಕಟ್ಟು ಬಿಡುವುದಿಲ್ಲ. ಉರಿಯೂತದಿಂದ ಸೋರುವಂತಾದ ಶ್ವಾಸಕೋಶದ ನಾಳಗಳಿಂದ ನೀರು ಒಸರಿ ಗಾಳಿಚೀಲಗಳಲ್ಲಿ ತುಂಬುತ್ತದೆ. ಔಷಧಿ ಶುರುವಾಗಿ ರಕ್ತದಲ್ಲಿ ಪರೋಪಜೀವಿ ಕಡಿಮೆಯಾದ ಮೇಲೂ ಇದು ಆಗಬಲ್ಲದು. ಉಗಾಂಡ, ಕೆನ್ಯಾ, ತಾಂಜಾನಿಯಾಗಳಲ್ಲಿ ತೀವ್ರ ಜ್ವರದ 3,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮಲೇರಿಯಾ ಇತ್ತು. ರಭಸದಿಂದ ಸಲೈನ್ ಕೊಟ್ಟವರಲ್ಲಿ 48 ಗಂಟೆಯೊಳಗಿನ ಸಾವು ಶೇ 10.5, ಹಾಗೆ ಕೊಡದವರಲ್ಲಿ ಶೇ 7.3.

ಹಾಗಾದರೆ ಎಷ್ಟು? ಬಿ.ಪಿ. ಕುಸಿಯದ ದೊಡ್ಡವರಿಗೆ ಮೊದಲ ಕೆಲವು ಗಂಟೆ ಕಿಲೋಗೆ ಗಂಟೆಗೆ 3ರಿಂದ 5 ಮಿ.ಲೀ. ಸಲೈನ್, ಆಮೇಲೆ ಮೂತ್ರ ಮತ್ತು ಉಸಿರಾಟ ನೋಡಿ ಬದಲಾವಣೆ. 60 ಕಿಲೋ ತೂಕಕ್ಕೆ 3ರ ಲೆಕ್ಕದಲ್ಲಿ ಗಂಟೆಗೆ 180 ಮಿ.ಲೀ. 20 ಹನಿಗೆ 1 ಮಿ.ಲೀ. ಬೀಳುವ ಡ್ರಿಪ್ ಸೆಟ್‌ನಲ್ಲಿ ಅದು ನಿಮಿಷಕ್ಕೆ 60 ಹನಿ, ಸೆಕೆಂಡಿಗೆ ಸರಿಯಾಗಿ ಒಂದು. ಅರ್ಧ ಲೀಟರ್ ಬಾಟಲಿ ಹತ್ತಿರ ಹತ್ತಿರ ಮೂರು ಗಂಟೆ ಬರಬೇಕು. ಹಾಸಿಗೆಯ ಪಕ್ಕ ಕೂತವರು ಹನಿಯನ್ನೂ ಗಡಿಯಾರವನ್ನೂ ನೋಡಿದರೆ ಗೊತ್ತಾಗುತ್ತದೆ. ರೋಲರ್ ತಿರುಗಿಸಿ ‘ಬೇಗ ಮುಗಿಯಲಿ’ ಎಂದು ಓಡಿಸುವ ಕೆಲಸ ಯಾರೂ ಮಾಡಬೇಡಿ. ಹಾಸಿಗೆಯ ಕೆಳಗೆ ತೂಗುವ ಮೂತ್ರದ ಚೀಲ ಅಷ್ಟೇ ಮುಖ್ಯ. ಅದೇ ತೂಕದವರಿಗೆ ಗಂಟೆಗೆ 30 ಮಿ.ಲೀ. ಆದರೂ ಇಳಿಯಬೇಕು. ಇಳಿಯದಿದ್ದರೆ, ಇಳಿದದ್ದು ಕರಿ ಚಹಾದ ಬಣ್ಣವಿದ್ದರೆ, ತಕ್ಷಣ ನರ್ಸ್‌ಗೆ ಹೇಳಿ. ಮೂತ್ರಪಿಂಡ ನಿಂತವರಿಗೆ ಡಯಾಲಿಸಿಸ್ ತಡಮಾಡದೆ ಮಾಡಿದರೆ ಜೀವ ಉಳಿಯುತ್ತದೆ. ಬದುಕಿದವರಲ್ಲಿ ಬಹುತೇಕರ ಮೂತ್ರಪಿಂಡ ಮೊದಲಿನಂತಾಗುತ್ತದೆ, ಜೀವಮಾನವಿಡೀ ಡಯಾಲಿಸಿಸ್ ಎಂದು ಹೆದರಿ ಬೇಡವೆನ್ನಬೇಡಿ.

ಸಕ್ಕರೆಯನ್ನು ಪ್ರಜ್ಞೆ ಇಲ್ಲದವರಲ್ಲಿ ಕನಿಷ್ಠ ನಾಲ್ಕು ಗಂಟೆಗೊಮ್ಮೆ ನೋಡಬೇಕು. ಇಳಿದಿದ್ದರೆ ಮಕ್ಕಳಿಗೆ ಕಿಲೋಗೆ 5 ಮಿ.ಲೀ. ಶೇ 10ರ ಡೆಕ್ಸ್‌ಟ್ರೋಸ್ ರಕ್ತನಾಳಕ್ಕೆ. ದೂರದ ಊರಿನಿಂದ ಬರುವ ದಾರಿಯಲ್ಲಿ ಮಗು ಮಂಕಾದರೆ ಒಂದು ಚಮಚ ಸಕ್ಕರೆಯನ್ನು ನಾಲ್ಕಾರು ಹನಿ ನೀರಿನಲ್ಲಿ ಒದ್ದೆ ಮಾಡಿ ನಾಲಿಗೆಯ ಕೆಳಗಿಡಬಹುದು. ನೀರಾಗಲಿ ಎಳನೀರಾಗಲಿ ಬಾಯಿಗೆ ಹೊಯ್ಯಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗುವನ್ನು ಒಂದು ಪಕ್ಕಕ್ಕೆ ಮಲಗಿಸಿಯೇ ಕರೆತನ್ನಿ.

ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ ಸಾಕು, ಕಿಲೋಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಆರು ಗಂಟೆಗೊಮ್ಮೆ. ಒಡೆದ ರಕ್ತಕಣಗಳಿಂದ ಸೋರಿದ ಹಿಮೋಗ್ಲೋಬಿನ್ ಮೂತ್ರಪಿಂಡಕ್ಕೆ ಮಾಡುವ ಹಾನಿಯನ್ನು ಅದು ತಗ್ಗಿಸಬಹುದು ಎಂದು ಬಾಂಗ್ಲಾದೇಶದ ಒಂದು ಸಣ್ಣ ಅಧ್ಯಯನ ಸೂಚಿಸಿದೆ. ಭರವಸೆಯ ಸುಳಿವು ಅದು, ಇನ್ನೂ ನಿಯಮವಲ್ಲ. ಡೈಕ್ಲೊಫೆನಾಕ್ ಚುಚ್ಚುಮದ್ದು, ಐಬುಪ್ರೊಫೆನ್, ಮೆಫೆನಮಿಕ್, ಆಸ್ಪಿರಿನ್ ಬೇಡ. ಮೊದಲೇ ಏಟು ತಿಂದ ಮೂತ್ರಪಿಂಡಕ್ಕೆ ಇನ್ನೊಂದು ಏಟು ಅವು.

ಒಳ್ಳೆಯದಾಗುತ್ತದೆಂದು ತರ್ಕದಿಂದ ಹೊರಟು ಕೆಟ್ಟದ್ದಾದ ಉದಾಹರಣೆಗಳು ಈ ರೋಗದಲ್ಲಿ ಬಹಳ. ಮೆದುಳು ಮಲೇರಿಯಾದಲ್ಲಿ ಊತ ಇಳಿಯಲೆಂದು ಸ್ಟೆರಾಯ್ಡ್ ಕೊಟ್ಟು ನೋಡಿದರು. ಥಾಯ್ಲೆಂಡ್‌ನಲ್ಲಿ 1982ರಲ್ಲೇ ಡೆಕ್ಸಮೆಥಸೋನ್ ಪಡೆದವರಿಗೆ ಪ್ರಜ್ಞೆ ಬರುವುದು ತಡವಾಗಿ, ನ್ಯುಮೋನಿಯಾ ಮತ್ತು ಹೊಟ್ಟೆಯ ರಕ್ತಸ್ರಾವ ಹೆಚ್ಚಾಯಿತು. ಒಡಿಶಾದ ರೂರ್ಕೆಲಾದಲ್ಲಿ ಮೆದುಳಿನ ಊತ ಇಳಿಸುವ ಮ್ಯಾನಿಟಾಲ್ ಕೊಟ್ಟಾಗಲೂ ಪ್ರಜ್ಞೆ ಬರುವುದು ತಡವಾಯಿತು. ಕೆನ್ಯಾದ ಮಕ್ಕಳಿಗೆ ಫಿಟ್ಸ್ ಬಾರದಿರಲೆಂದು ಮುಂಚಿತವಾಗಿ ದೊಡ್ಡ ಡೋಸ್ ಫಿನೋಬಾರ್ಬಿಟೋನ್ ಕೊಟ್ಟಾಗ ಫಿಟ್ಸ್ ಕಡಿಮೆಯಾಯಿತು, ಸಾವು ಎರಡು ಪಟ್ಟು ದಾಟಿತು. ‘ಏನಾದರೂ ಮಾಡಿ’ ಎಂಬ ಒತ್ತಡಕ್ಕೆ ಮಣಿದು ಇವನ್ನು ಬರೆಯುವುದು ಇಂದಿಗೂ ಪೂರ್ತಿ ನಿಂತಿಲ್ಲ. ಬಂದ ಫಿಟ್ಸ್ ನಿಲ್ಲಿಸಬೇಕು, ತಗ್ಗಿದ ರಕ್ತ ತುಂಬಬೇಕು, ಮಕ್ಕಳಲ್ಲಿ ಬ್ಯಾಕ್ಟೀರಿಯಾ ಸೋಂಕು ಸೇರಿರುವ ಸಂಭವವಿರುವುದರಿಂದ ಆ್ಯಂಟಿಬಯಾಟಿಕ್ ಕೊಡಬೇಕು. ಇವು ಪರೀಕ್ಷೆಗೆ ನಿಂತ ದಾರಿಗಳು.

ಸಾಧಾರಣ ಪಿ.ವಿ.ಗೆ ದೊಡ್ಡವರಿಗೆ ಕ್ಲೋರೋಕ್ವಿನ್ ಮೂರು ದಿನ, 150 ಮಿ.ಗ್ರಾಂ. ಶಕ್ತಿಯ ಮಾತ್ರೆ 4, 4, 2. ಇದರಿಂದ ಜ್ವರ ಬಿಡುತ್ತದೆ, ಆದರೆ ಯಕೃತ್ತಿನಲ್ಲಿ ನಿದ್ದೆ ಹೋದ ಪರೋಪಜೀವಿ ಸಾಯುವುದಿಲ್ಲ. ಅದಕ್ಕೆಂದೇ ಪ್ರೈಮಾಕ್ವಿನ್ ದಿನಕ್ಕೆ 15 ಮಿ.ಗ್ರಾಂ. 14 ದಿನ, ಊಟವಾದ ಮೇಲೆ. ನಾಲ್ಕನೇ ದಿನಕ್ಕೆ ಮೈ ಹಗುರಾಯಿತೆಂದು ಮಾತ್ರೆ ಬಿಟ್ಟವರಿಗೆ ಕೆಲವು ವಾರ, ತಿಂಗಳ ಬಳಿಕ ಅದೇ ಜ್ವರ ಮರಳಬಹುದು. ‘ಮತ್ತೆ ಸೊಳ್ಳೆ ಕಚ್ಚಿತು’ ಎಂದು ಅವರು ತಿಳಿಯುತ್ತಾರೆ. ಗರ್ಭಿಣಿಯರಿಗೆ, ಒಂದು ವರ್ಷದೊಳಗಿನ ಕೂಸುಗಳಿಗೆ ಪ್ರೈಮಾಕ್ವಿನ್ ಇಲ್ಲ. ರಕ್ತಕಣವನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಇದು ರಕ್ತಕಣ ಒಡೆಯುತ್ತದೆ, ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಬೇಕು. ಪಿ.ವಿ. ‘ಸೌಮ್ಯ’ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಮೇಲೆ ಹೇಳಿದ ತೀವ್ರ ಲಕ್ಷಣಗಳು ಅದರಲ್ಲೂ ಬರುತ್ತವೆ, ಬಂದರೆ ಚಿಕಿತ್ಸೆ ಅದೇ ಆರ್ಟಿಸುನೇಟ್.

ದೇಶ 2030ರೊಳಗೆ ಮಲೇರಿಯಾ ಮುಕ್ತವಾಗುವ ಗುರಿ ಹಾಕಿಕೊಂಡಿದೆ. ದಶಕಗಳಿಂದ ಈ ಜ್ವರ ಕಂಡ ಮಂಗಳೂರಿನಲ್ಲೂ ಪ್ರಕರಣಗಳು ಬಹಳ ಇಳಿದಿವೆ. ಕಟ್ಟಡ ಕಾಮಗಾರಿಯ ನಿಂತ ನೀರು, ಮುಚ್ಚಳವಿಲ್ಲದ ಟ್ಯಾಂಕ್, ಬಾವಿಗಳಲ್ಲಿ ಮೊಟ್ಟೆಯಿಡುವ ಸ್ಟೀಫನ್ಸಿ ಸೊಳ್ಳೆಯ ವಿರುದ್ಧ ದುಡಿದವರ ಶ್ರಮ ಅದು. ಆದರೆ ರೋಗ ವಿರಳವಾದಷ್ಟೂ ವೈದ್ಯರ, ಲ್ಯಾಬ್ ತಂತ್ರಜ್ಞರ ನೆನಪಿನಿಂದ ಅದು ಜಾರುತ್ತದೆ. ಒಡಿಶಾ, ಜಾರ್ಖಂಡ್, ಛತ್ತೀಸಗಡದಿಂದ ಬಂದ ಕಾರ್ಮಿಕರು, ಆಫ್ರಿಕಾದಿಂದ ಊರಿಗೆ ಬಂದ ನಮ್ಮವರು ಜ್ವರವೆಂದಾಗ ಮೊದಲ ದಿನವೇ ಎಂ.ಪಿ. ನೋಡಬೇಕು. ಜ್ವರ ಬಂದವರೂ ಕಳೆದ ಒಂದು ವರ್ಷದಲ್ಲಿ ಎಲ್ಲೆಲ್ಲಿ ಇದ್ದರೆಂದು ಕೇಳುವ ಮೊದಲೇ ಹೇಳಲಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.

ಕೊನೆಯದಾಗಿ ಡಿಸ್ಚಾರ್ಜ್ ಬಗ್ಗೆ. ಆರ್ಟಿಸುನೇಟ್ ಪಡೆದ ಕೆಲವರಲ್ಲಿ ಗುಣವಾಗಿ ಮನೆಗೆ ಹೋದ ಒಂದರಿಂದ ನಾಲ್ಕು ವಾರದೊಳಗೆ ರಕ್ತಕಣಗಳು ಮತ್ತೆ ಒಡೆಯುತ್ತವೆ. ಔಷಧಿ ಪರೋಪಜೀವಿಯನ್ನು ಕೊಂದಾಗ ಗುಲ್ಮ ಅದನ್ನು ಕಿತ್ತುಹಾಕಿ ಕಣವನ್ನು ಉಳಿಸಿರುತ್ತದೆ, ಆ ಗಾಯಗೊಂಡ ಕಣಗಳು ಆಮೇಲೆ ಒಟ್ಟಿಗೆ ಸಾಯುತ್ತವೆ. ಔಷಧಿಯ ಪ್ರಯೋಜನದ ಮುಂದೆ ಇದು ಸಣ್ಣದು, ಆದರೆ ಗೊತ್ತಿಲ್ಲದಿದ್ದರೆ ಮನೆಯಲ್ಲೇ ಹಿಮೋಗ್ಲೋಬಿನ್ ಕುಸಿದುಬಿಡುತ್ತದೆ. ಮನೆಗೆ ಹೊರಡುವಾಗ 7, 14 ಮತ್ತು 28ನೇ ದಿನದ ಹಿಮೋಗ್ಲೋಬಿನ್ ಪರೀಕ್ಷೆಯ ತಾರೀಕುಗಳನ್ನು ಡಿಸ್ಚಾರ್ಜ್ ಚೀಟಿಯ ಮೇಲೆಯೇ ಬರೆಸಿಕೊಳ್ಳಿ.

ಇತಿ,
ಜ್ವರ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು
ಮಂಗಳೂರು